ಕಡಲತೀರದ ಕಾಮಗಾರಿ ಮತ್ತು ಕಡಲಾಮೆ: ಆಕ್ಷೇಪಣೆ ಸಲ್ಲಿಸುವ ಬಗೆ

ಶರಾವತಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲಿರುವ ಕಾಸರಕೋಡು ಟೊಂಕದ ಹೊಯಿಗೆಯ ಮೇಲೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅದೇ ತೀರದಲ್ಲಿ ಖಾಸಗಿ ಬಂದರನ್ನು ಕಟ್ಟುವ ಯೋಜನೆಗೆ ಅಲ್ಲಿನ ಮೀನುಗಾರರು ವರ್ಷಗಳಿಂದ ವಿರೋಧ ವ್ಯಕ್ತಪಡಿಸುತ್ತಿದ್ದಾರೆ. ಕಾರವಾರದಲ್ಲಿ 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಅಲೆ ತಡೆಗೋಡೆಯ ಕೆಲಸ ಆರಂಭವಾದಾಗ ಊರಿಗೆ ಊರೇ ಬೀದಿಗಿಳಿದಿತ್ತು. ಇಂಥ ಹೋರಾಟಗಳಲ್ಲಿ ಜನರ ಧ್ವನಿ ದೊಡ್ಡದಾಗಿಯೇ ಕೇಳಿಸುತ್ತದೆಯಾದರೂ, ಅನುಮತಿ ನೀಡುವ ಪ್ರಾಧಿಕಾರದ ಮುಂದಿರುವ ಕಡತದಲ್ಲಿ ಆ ತೀರಕ್ಕೆ ಬರುವ ಆಮೆಯ ಬಗ್ಗೆ ದಿನಾಂಕ, ಸ್ಥಳ, ಛಾಯಾಚಿತ್ರ ಸಹಿತವಾದ ಒಂದು ಪುಟವೂ ಇರುವುದಿಲ್ಲ. ಕಡತದಲ್ಲಿ ಇಲ್ಲದ ಆಮೆಯನ್ನು ಯಾವ ಸಮಿತಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಪುಟವನ್ನು ಕಡತಕ್ಕೆ ಸೇರಿಸುವುದು ಹೇಗೆ, ಯಾವಾಗ, ಯಾರಿಗೆ ಕೊಡಬೇಕು ಎಂಬುದನ್ನು ಕರಾವಳಿಯ ನಿವಾಸಿಗಳಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಾನೂನು ಏನು ಹೇಳುತ್ತದೆ

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಆಲಿವ್ ರಿಡ್ಲೆ ಕಡಲಾಮೆ, ಕಾರವಾರದ ಸುತ್ತಮುತ್ತ ಕಾಣುವ ಹಂಪ್‌ಬ್ಯಾಕ್ ಡಾಲ್ಫಿನ್, ತಿಮಿಂಗಿಲ ಶಾರ್ಕ್ ಮುಂತಾದ ಜೀವಿಗಳಿವೆ. ಕಾಯ್ದೆ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ಪ್ರತಿಯೊಬ್ಬ ಆಕ್ಷೇಪಣೆದಾರರೂ ಚೆನ್ನಾಗಿ ತಿಳಿದಿರಬೇಕು. ಕೊಲ್ಲುವುದು, ಹಿಡಿಯುವುದು ಮಾತ್ರ ಬೇಟೆಯಲ್ಲ. ಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದೂ, ಅವುಗಳ ಮೊಟ್ಟೆ ಅಥವಾ ಗೂಡನ್ನು ಕದಡುವುದೂ ಬೇಟೆಯೇ. ಕಡಲಾಮೆ ಸರೀಸೃಪವಾದ್ದರಿಂದ ಗೂಡಿರುವ ಹೊಯಿಗೆಯ ಮೇಲೆ ಜೆಸಿಬಿ ಓಡಿಸುವ ಕೃತ್ಯವೂ ಈ ವ್ಯಾಖ್ಯೆಯೊಳಗೆ ಬರಬಲ್ಲದು. ಮೊದಲನೆಯ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸವಿದ್ದು, 2022ರ ತಿದ್ದುಪಡಿಯ ನಂತರ ಕನಿಷ್ಠ ದಂಡ 25,000 ರೂಪಾಯಿ ಆಗಿದೆ.

ಆದರೆ ಈ ಕಾಯ್ದೆ ಅಪರಾಧ ನಡೆದ ಮೇಲೆ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಅದೇ 1972ರಲ್ಲಿ ಬಂದ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆಯಡಿ, ನೀರಿನಲ್ಲಿ ಕಂಬ ಬಡಿಯುವ ಕೆಲಸದಿಂದ ಡಾಲ್ಫಿನ್‌ಗಳಿಗೆ ತೊಂದರೆಯಾಗುವಂತಿದ್ದರೆ ಗುತ್ತಿಗೆ ಪಡೆದವರು ಮೊದಲೇ ಅದಕ್ಕೆಂದು ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಅನುಮತಿಯ ಏರ್ಪಾಡು ಇಲ್ಲ. ಹಾಗಾಗಿ ಕಾಮಗಾರಿಯ ಮುನ್ನ ಆಮೆಗೆ ಸಿಗಬಹುದಾದ ರಕ್ಷಣೆಯೆಲ್ಲ ಎರಡು ಬಾಗಿಲುಗಳ ಮೂಲಕವೇ ಸಿಗಬೇಕು. ಒಂದು, 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ. ಇನ್ನೊಂದು, 2019ರ ಜನವರಿ 18ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅಂದರೆ ಎಲ್ಲರೂ ಸಿಆರ್‌ಝಡ್ ಎಂದು ಕರೆಯುವ ನಿಯಮ. ಯೋಜನೆ ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನದಂಥ ಸಂರಕ್ಷಿತ ಪ್ರದೇಶದ ಒಳಗೆ ಅಥವಾ ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ಬಂದರೆ ಮಾತ್ರ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಒಪ್ಪಿಗೆಯ ಪ್ರಶ್ನೆ ಏಳುತ್ತದೆ.

ಮೊದಲು ನಕ್ಷೆಯನ್ನು ನೋಡಿ

ಭರತದ ರೇಖೆಯಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗಿನ ಪ್ರದೇಶವೂ, ಇಳಿತದ ರೇಖೆಯಿಂದ ಸಮುದ್ರದ ಕಡೆಗೆ 12 ನಾಟಿಕಲ್ ಮೈಲಿವರೆಗಿನ ನೀರೂ ಸಿಆರ್‌ಝಡ್ ವ್ಯಾಪ್ತಿಗೆ ಸೇರುತ್ತವೆ. ಇದರೊಳಗೆ 1-ಎ ಎಂಬ ವರ್ಗಕ್ಕೆ ಅತಿ ಹೆಚ್ಚಿನ ರಕ್ಷಣೆಯಿದೆ. ಕಾಂಡ್ಲಾ ಕಾಡು, ಹವಳದ ದಿಬ್ಬ, ಮರಳ ದಿನ್ನೆ, ಕಡಲಹುಲ್ಲಿನ ಹಾಸು ಇವುಗಳ ಜೊತೆಯಲ್ಲೇ ಕಡಲಾಮೆ ಮೊಟ್ಟೆಯಿಡುವ ತಾಣವನ್ನೂ ಅಧಿಸೂಚನೆ ಈ ವರ್ಗದಲ್ಲಿ ಸ್ಪಷ್ಟವಾಗಿ ಹೆಸರಿಸಿದೆ. ಭರತ ಮತ್ತು ಇಳಿತದ ರೇಖೆಗಳ ನಡುವಿನ ಉಳಿದ ಪ್ರದೇಶ 1-ಬಿ ಆಗುತ್ತದೆ. ಅಲ್ಲಿ ಬಂದರು, ಜೆಟ್ಟಿ, ಅಲೆ ತಡೆಗೋಡೆಗಳಂಥ ಕಾಮಗಾರಿಗೆ ಅನುಮತಿ ಕೊಡಲು ಅವಕಾಶವಿದೆ. 1-ಎ ಪ್ರದೇಶದಲ್ಲಿ ಅಂಥ ಅವಕಾಶ ತೀರಾ ಕಡಿಮೆ. ಒಂದು ತೀರದ ಭವಿಷ್ಯ ಬಹುಪಾಲು ನಿಂತಿರುವುದು ನಕ್ಷೆಯಲ್ಲಿ ಅದಕ್ಕೆ ಬಳಿದ ಬಣ್ಣದ ಮೇಲೆ ಎಂಬುದನ್ನು ಹೋರಾಟಗಾರರು ತಡವಾಗಿ ಅರಿಯುತ್ತಾರೆ, ಮತ್ತು ಆ ತಡವೇ ಎಷ್ಟೋ ಬಾರಿ ಸೋಲಿಗೆ ಕಾರಣವಾಗುತ್ತದೆ.

ಆದ್ದರಿಂದ ನಿಮ್ಮ ಊರಿನ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯನ್ನು ಮೊದಲು ತರಿಸಿಕೊಳ್ಳಿ. ಕಾರವಾರ, ಉಡುಪಿ ಮತ್ತು ಮಂಗಳೂರಿನಲ್ಲಿರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ವಿಚಾರಿಸಬಹುದು. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ ನಕ್ಷೆಗೆ ಒಂದು, ಗೂಡುಗಳ ದಾಖಲೆಗೆ ಇನ್ನೊಂದು ಎಂದು ಬೇರೆ ಬೇರೆ ಅರ್ಜಿಗಳನ್ನು ಬರೆಯುವುದು ಕ್ಷೇಮ. ಉತ್ತರಕ್ಕೆ 30 ದಿನಗಳ ಅವಧಿ ಇರುವುದರಿಂದ ಯೋಜನೆಯ ಸುಳಿವು ಸಿಕ್ಕ ವಾರವೇ ಅರ್ಜಿ ಹೋಗಬೇಕು.

ಸಾಕ್ಷ್ಯ ಕೂಡಿಸುವುದು

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯ ಜೀವಾಳ ಇದೇ, ಮತ್ತು ಇದನ್ನು ವಕೀಲರಿಗಿಂತ ತೀರದಲ್ಲಿ ಬದುಕುವ ಜನರೇ ಚೆನ್ನಾಗಿ ಮಾಡಬಲ್ಲರು. ರಂಪಣಿ ಬಲೆ ಎಳೆಯುವವರು, ನಸುಕಿನಲ್ಲಿ ದೋಣಿ ಇಳಿಸುವವರು, ಮೀನು ಒಣಗಿಸುವ ಹೆಂಗಸರು ಆಮೆಯ ಜಾಡನ್ನು ಎಲ್ಲರಿಗಿಂತ ಮೊದಲು ನೋಡುತ್ತಾರೆ. ಅವರು ಕಂಡದ್ದನ್ನು ಬರೆದಿಡಲು ಒಂದು ಸಾಧಾರಣ ನೋಟ್‌ಬುಕ್ ಸಾಕು. ದಿನಾಂಕ, ಸಮಯ, ಹತ್ತಿರದ ಗುರುತು, ಭರತದ ನೀರು ಮುಟ್ಟುವ ಗೆರೆಯಿಂದ ಗೂಡಿಗೆ ಇರುವ ದೂರ, ಕಂಡವರ ಸಹಿ ಇವಿಷ್ಟೂ ಪ್ರತಿ ನಮೂದಿನಲ್ಲಿ ಇರಲಿ. ಫೋನಿನ ಕ್ಯಾಮೆರಾದಲ್ಲಿ ಸ್ಥಳದ ನಿರ್ದೇಶಾಂಕ ದಾಖಲಾಗುವಂತೆ ಹೊಂದಿಸಿಕೊಂಡು, ಒಂದು ಚಿತ್ರವನ್ನು ಹತ್ತಿರದಿಂದಲೂ ಇನ್ನೊಂದನ್ನು ಹಿನ್ನೆಲೆಯ ದೀಪಸ್ತಂಭವೋ ತೆಂಗಿನ ತೋಟವೋ ಕಾಣುವಂತೆ ದೂರದಿಂದಲೂ ತೆಗೆಯಬೇಕು. ಆಲಿವ್ ರಿಡ್ಲೆಯ ಜಾಡಿನಲ್ಲಿ ಎಡ ಮತ್ತು ಬಲ ಕಾಲುಗಳ ಗುರುತುಗಳು ಜೋಡಿಯಾಗಿರದೆ ಒಂದಾದ ಮೇಲೊಂದರಂತೆ ಬೀಳುತ್ತವೆ. ಹಸಿರು ಕಡಲಾಮೆಯ ಜಾಡಿನಲ್ಲಿ ಅವು ಜೋಡಿಯಾಗಿರುತ್ತವೆ. ಈ ವ್ಯತ್ಯಾಸ ಚಿತ್ರದಲ್ಲಿ ಕಾಣುವಂತಿದ್ದರೆ ತಜ್ಞರು ಜಾತಿಯನ್ನು ಗುರುತಿಸುವುದು ಸುಲಭ.

ಗೂಡನ್ನು ಅಗೆದು ನೋಡಬಾರದು, ಮೊಟ್ಟೆ ಎಣಿಸಬಾರದು, ಎಷ್ಟೇ ಒಳ್ಳೆಯ ಉದ್ದೇಶದಿಂದಲೂ ಸ್ಥಳಾಂತರಿಸಬಾರದು. ಸಾಮಾನ್ಯವಾಗಿ ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳಿದ್ದು, ಮರಿ ಹೊರಬರಲು 45ರಿಂದ 60 ದಿನ ಬೇಕಾಗುತ್ತದೆ. ಈ ಅವಧಿಯಲ್ಲಿ ಅವನ್ನು ಮುಟ್ಟುವ ಅಧಿಕಾರ ಅರಣ್ಯ ಇಲಾಖೆಗೆ ಮಾತ್ರ ಇದೆ. ನೀವು ಮಾಡಬೇಕಾದದ್ದು ವಲಯ ಅರಣ್ಯಾಧಿಕಾರಿಗೆ ಲಿಖಿತ ಮಾಹಿತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದು. ಇಲಾಖೆಯವರು ಬಂದು ಗೂಡಿಗೆ ಬೇಲಿ ಕಟ್ಟಿದರೆ ಅದು ಸರ್ಕಾರವೇ ಆ ತಾಣವನ್ನು ಒಪ್ಪಿಕೊಂಡ ದಾಖಲೆಯಾಗುತ್ತದೆ. ಆ ದಾಖಲೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆದಿಟ್ಟುಕೊಳ್ಳಿ, ಹಿಂದಿನ ವರ್ಷಗಳ ಗೂಡುಗಳ ಪಟ್ಟಿಯನ್ನೂ ಕೇಳಿ.

ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಇನ್ನೊಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ತೀರದ ಆಮೆಯ ನಮೂದು ಇದೆಯೇ ನೋಡಿ. ಇಲ್ಲದಿದ್ದರೆ ಸಮಿತಿಗೆ ಅರ್ಜಿ ಕೊಟ್ಟು ಸೇರಿಸಿ, ಗ್ರಾಮಸಭೆಯ ಠರಾವಿನಲ್ಲೂ ಅದು ದಾಖಲಾಗಲಿ.

ವರದಿಯನ್ನು ಓದುವ ಕ್ರಮ

ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಸರಕು ನಿಭಾಯಿಸುವ ಬಂದರು 2006ರ ಅಧಿಸೂಚನೆಯ ಎ ವರ್ಗಕ್ಕೆ ಸೇರಿ ಕೇಂದ್ರ ಸಚಿವಾಲಯದ ಮುಂದೆ ಹೋಗುತ್ತದೆ. ಅದಕ್ಕಿಂತ ಚಿಕ್ಕದು ಬಿ ವರ್ಗದ್ದು. ಅರ್ಜಿಯ ಕಾಗದಪತ್ರಗಳು ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮವನ್ನು ವಿವರಿಸುವ ಮೌಲ್ಯಮಾಪನ ವರದಿಯ ಕರಡು ಪ್ರತಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳಲ್ಲಿ ನೋಡಲು ಲಭ್ಯವಿರಬೇಕು. ಕನ್ನಡ ಸಾರಾಂಶ ಕಡ್ಡಾಯ. ಸಾರಾಂಶವನ್ನಷ್ಟೇ ಓದಿ ನಿಲ್ಲಿಸಬೇಡಿ. ಆಮೆಯ ವಿಷಯ ಇದ್ದರೂ ಇಲ್ಲದಿದ್ದರೂ ಅದು ತಿಳಿಯುವುದು ಮೂಲ ವರದಿಯ ಜೀವವೈವಿಧ್ಯ ಅಧ್ಯಾಯದಲ್ಲಿ.

ಆ ಅಧ್ಯಾಯವನ್ನು ತೆರೆದ ಕೂಡಲೇ ಸಮೀಕ್ಷೆ ನಡೆದ ತಿಂಗಳುಗಳನ್ನು ಹುಡುಕಿ. ಮಳೆಗಾಲ ಬಿಟ್ಟು ಒಂದು ಋತುವಿನ ಅಂಕಿಅಂಶ ಸಾಕೆಂಬ ಪದ್ಧತಿ ಇರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಸಮೀಕ್ಷೆ ಮಾಡಿ ಆಮೆಗಳು ಕಾಣಲಿಲ್ಲ ಎಂದು ಬರೆಯುವುದು ಸಾಧ್ಯ. ನಮ್ಮ ಕರಾವಳಿಯಲ್ಲಿ ಅವು ಹೆಚ್ಚಾಗಿ ಮೊಟ್ಟೆಯಿಡುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ನಿಮ್ಮ ನೋಟ್‌ಬುಕ್ಕಿನ ಡಿಸೆಂಬರ್, ಜನವರಿಯ ನಮೂದುಗಳು ಇಲ್ಲಿ ನೇರವಾದ ಉತ್ತರವಾಗುತ್ತವೆ. ಹಾಗೆಯೇ ಹಗಲಿನಲ್ಲಿ ಮಾತ್ರ ತೀರದಲ್ಲಿ ನಡೆದರೇ, ಹೂಳೆತ್ತಿದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ತಡೆಗೋಡೆ ಕಟ್ಟಿದ ಮೇಲೆ ಅದರ ಉತ್ತರ ಮತ್ತು ದಕ್ಷಿಣದ ಹೊಯಿಗೆ ಎಷ್ಟು ಕೊಚ್ಚಿಹೋಗುತ್ತದೆ, ರಾತ್ರಿ ಎಷ್ಟು ದೀಪ ಉರಿಯುತ್ತದೆ ಎಂಬುದಕ್ಕೆ ವರದಿಯಲ್ಲಿ ಉತ್ತರವಿದೆಯೇ ಗುರುತು ಮಾಡಿ. ದೀಪದ ಪ್ರಶ್ನೆ ಚಿಕ್ಕದಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಹೆಚ್ಚು ಬೆಳಕಿರುವ ದಿಗಂತದತ್ತ ನಡೆಯುತ್ತದೆ. ಕತ್ತಲ ತೀರದಲ್ಲಿ ಆ ಬೆಳಕು ಸಮುದ್ರದ್ದು, ಕಾಮಗಾರಿ ಸ್ಥಳದಲ್ಲಿ ಅದು ಫ್ಲಡ್‌ಲೈಟಿನದು.

ಅಹವಾಲು ಸಭೆ

ಸಾರ್ವಜನಿಕ ಅಹವಾಲು ಸಭೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷಾ ಪತ್ರಿಕೆಯಲ್ಲಿ ಪ್ರಕಟಿಸಿ ಕರೆಯಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಯ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಕೋರಂ ಎಂಬುದಿಲ್ಲ, ಅಂದರೆ ಸಭೆಯನ್ನು ಬಹಿಷ್ಕರಿಸಿ ಹೊರಗೆ ನಿಂತರೂ ಸಭೆ ನಡೆದಂತೆಯೇ ಲೆಕ್ಕ. ಬಹಿಷ್ಕಾರದ ಹಿಂದಿನ ನೋವು ಅರ್ಥವಾಗುವಂಥದ್ದೇ. ಆದರೂ ಒಬ್ಬಿಬ್ಬರಾದರೂ ಒಳಗೆ ಹೋಗಿ ಲಿಖಿತ ಆಕ್ಷೇಪಣೆ ಕೊಟ್ಟು ಬರುವುದನ್ನು ದಯವಿಟ್ಟು ತಪ್ಪಿಸಬೇಡಿ.

ಲಿಖಿತ ಆಕ್ಷೇಪಣೆಯನ್ನು ಸಭೆಗೆ ಮುಂಚೆಯೇ ಮಂಡಳಿಗೆ ಸಲ್ಲಿಸಿ, ಇನ್ನೊಂದು ಪ್ರತಿಯನ್ನು ಸಭೆಯಲ್ಲಿ ಕೊಡಿ. ಅದರ ಮೊದಲ ಪುಟದಲ್ಲಿ ವರದಿಯ ಪುಟಸಂಖ್ಯೆ, ಅಲ್ಲಿ ಬರೆದಿರುವ ವಾಕ್ಯ, ಅದಕ್ಕೆ ವಿರುದ್ಧವಾದ ನಿಮ್ಮ ದಾಖಲೆಯ ಸಂಖ್ಯೆ ಈ ಮೂರೂ ಎದುರುಬದುರಾಗಿ ಇದ್ದರೆ, ಕಂಪನಿ ಅದಕ್ಕೆ ಲಿಖಿತ ಉತ್ತರ ಕೊಡದೆ ಜಾರಿಕೊಳ್ಳುವುದು ಕಷ್ಟವಾಗುತ್ತದೆ. ಪ್ರಧಾನ ಬೇಡಿಕೆ ಯೋಜನೆಯ ನಿರಾಕರಣೆಯೇ ಆಗಿದ್ದರೂ, ಅನುಮತಿ ಕೊಡುವುದೇ ಆದರೆ ವಿಧಿಸಬೇಕಾದ ಷರತ್ತುಗಳನ್ನು ಪರ್ಯಾಯವಾಗಿ ಬರೆಯಿರಿ. ಮೊಟ್ಟೆಯಿಡುವ ತಿಂಗಳುಗಳಲ್ಲಿ ಹೂಳೆತ್ತುವಿಕೆ ಮತ್ತು ಕಂಬ ಬಡಿಯುವ ಕೆಲಸ ನಿಲ್ಲಿಸುವುದು, ಸಮುದ್ರದ ಕಡೆ ಬೆಳಕು ಬೀಳದಂತೆ ಮರೆ ಹಾಕಿದ ದೀಪಗಳು, ಹೂಳೆತ್ತುವ ಯಂತ್ರದ ಬಾಯಿಗೆ ಆಮೆಯನ್ನು ಬದಿಗೆ ಸರಿಸುವ ಸಾಧನ ಇವನ್ನು ಕೇಳಬಹುದು. ಒಡಿಶಾದ ಗಹೀರ್‌ಮಾಥಾಕ್ಕೆ ಸಮೀಪದ ಧಾಮ್ರಾ ಬಂದರಿನಲ್ಲಿ ದೀಪ ಮತ್ತು ಹೂಳೆತ್ತುವ ಯಂತ್ರಗಳ ವಿಷಯದಲ್ಲಿ ಇಂಥ ಕ್ರಮಗಳನ್ನು ಅಳವಡಿಸಿದ್ದರು. ಆ ಬಂದರಿನ ಸ್ಥಳದ ಆಯ್ಕೆಯ ಬಗ್ಗೆ ತೀವ್ರ ವಿವಾದವಿತ್ತು ಎಂಬುದನ್ನೂ ಮರೆಯದೆ ಈ ಉದಾಹರಣೆಯನ್ನು ಬಳಸಿ.

ಕೆಲವು ಕಾಮಗಾರಿಗಳಿಗೆ ಸಿಆರ್‌ಝಡ್ ಅನುಮತಿ ಮಾತ್ರ ಸಾಕಾಗುತ್ತದೆ, ಅಹವಾಲು ಸಭೆಯೇ ಇರುವುದಿಲ್ಲ. ಆಗ ನಿಮ್ಮ ಪತ್ರ ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ನೇರವಾಗಿ ತಲುಪಬೇಕು. ಪೂರ್ಣ ಅರ್ಜಿ ಬಂದ 60 ದಿನಗಳೊಳಗೆ ಪ್ರಾಧಿಕಾರ ಶಿಫಾರಸು ಮಾಡಬೇಕಾದ್ದರಿಂದ ಸಮಯ ಕಡಿಮೆ.

ಅನುಮತಿ ಸಿಕ್ಕ ಮೇಲೆ

ಪರಿಸರ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲು ಆದೇಶ ತಿಳಿದುಬಂದ ದಿನದಿಂದ 30 ದಿನಗಳ ಅವಧಿಯಿದೆ. ಸೂಕ್ತ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಅದರಾಚೆಗೆ ಒಂದು ದಿನವೂ ಇಲ್ಲ. ಕರ್ನಾಟಕ ದಕ್ಷಿಣ ವಲಯದ ಚೆನ್ನೈ ಪೀಠಕ್ಕೆ ಸೇರುತ್ತದೆ. ಹಲವರು ಎಡವುವ ಒಂದು ಜಾಗ ಇಲ್ಲಿದೆ: ವನ್ಯಜೀವಿ ಕಾಯ್ದೆ ಈ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವ ಕಾಯ್ದೆಗಳ ಪಟ್ಟಿಯಲ್ಲಿ ಇಲ್ಲ. 1986ರ ಪರಿಸರ (ಸಂರಕ್ಷಣೆ) ಕಾಯ್ದೆ ಮತ್ತು ಅದರಡಿಯ ಸಿಆರ್‌ಝಡ್ ನಿಯಮಗಳು, 2002ರ ಜೀವವೈವಿಧ್ಯ ಕಾಯ್ದೆ ಆ ಪಟ್ಟಿಯಲ್ಲಿವೆ. ಆದಕಾರಣ ಆಮೆ ಮೊದಲನೆಯ ಅನುಸೂಚಿಯ ಪ್ರಾಣಿ ಎಂಬ ವಾದವೊಂದನ್ನೇ ಮುಂದಿಡದೆ, ತೀರ 1-ಎ ವರ್ಗದ ಮೊಟ್ಟೆಯಿಡುವ ತಾಣವಾಗಿದ್ದು ನಕ್ಷೆ ಅದನ್ನು ಕೈಬಿಟ್ಟಿದೆ, ಮೌಲ್ಯಮಾಪನ ವರದಿ ಅದನ್ನು ಪರಿಶೀಲಿಸಿಲ್ಲ ಎಂಬ ನೆಲೆಯಲ್ಲಿ ಮನವಿಯನ್ನು ಕಟ್ಟಬೇಕು. ವನ್ಯಜೀವಿ ಕಾಯ್ದೆಯ ಪ್ರಶ್ನೆಗಳಿಗೆ ಉಚ್ಚ ನ್ಯಾಯಾಲಯದ ದಾರಿ ಬೇರೆಯಿದೆ.

ಕೆಲಸ ಆರಂಭವಾದ ಮೇಲೆ ಗೂಡಿನ ಮೇಲೆ ಯಂತ್ರ ಹರಿದರೆ, ಅಥವಾ ಸತ್ತ ಆಮೆ ದಡಕ್ಕೆ ಬಂದರೆ, ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸ್ಥಳ ಮಹಜರು ಮಾಡಿಸಿ, ಅದೇ ದಿನ ಲಿಖಿತ ದೂರು ಕೊಡಿ. ಇಲಾಖೆ ಕ್ರಮ ಕೈಗೊಳ್ಳದಿದ್ದರೆ ವನ್ಯಜೀವಿ ಕಾಯ್ದೆಯ 55ನೆಯ ಕಲಮಿನಡಿ 60 ದಿನಗಳ ನೋಟಿಸು ನೀಡಿ ಯಾವುದೇ ನಾಗರಿಕರು ನ್ಯಾಯಾಲಯದಲ್ಲಿ ಖಾಸಗಿ ದೂರು ಹೂಡಬಹುದು. ಇದರ ಜೊತೆಗೆ, ಷರತ್ತುಗಳ ಪಾಲನೆಯ ಬಗ್ಗೆ ಯೋಜನೆಯವರು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ವರದಿಯನ್ನು ಪ್ರತಿ ಬಾರಿಯೂ ತರಿಸಿಕೊಂಡು, ಅದರಲ್ಲಿ ಕೆಲಸ ನಿಲ್ಲಿಸಿದ್ದಾಗಿ ತೋರಿಸಿದ ದಿನಾಂಕಗಳನ್ನು ನಿಮ್ಮ ನೋಟ್‌ಬುಕ್ಕಿನ ದಿನಾಂಕಗಳೊಂದಿಗೆ ಒಂದೊಂದಾಗಿ ಹೋಲಿಸಿ, ತಾಳೆಯಾಗದವುಗಳ ಪಟ್ಟಿಯನ್ನು ಪ್ರಾಧಿಕಾರಕ್ಕೆ ಕಳುಹಿಸಿ ಸ್ವೀಕೃತಿ ಪಡೆಯಿರಿ.