ಗುರುವಿನ ಚಂದ್ರರನ್ನು ಬೈನಾಕ್ಯುಲರ್‌ನಲ್ಲಿ ನೋಡುವ ಬಗೆ

ಗುರುಗ್ರಹದ ನಾಲ್ಕು ದೊಡ್ಡ ಚಂದ್ರರನ್ನು ನೋಡಲು ದುಬಾರಿ ದೂರದರ್ಶಕವೇ ಬೇಕೆಂದಿಲ್ಲ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, 50 ಮಿ.ಮೀ. ಮಸೂರದ ಸಾಧಾರಣ ಬೈನಾಕ್ಯುಲರ್ ಸಾಕು. ಶುಕ್ರನನ್ನು ಬಿಟ್ಟರೆ ಸಾಮಾನ್ಯವಾಗಿ ಎಲ್ಲಕ್ಕಿಂತ ಪ್ರಖರವಾಗಿ, ಮಿನುಗದೆ ಬೆಳಗುವ ಚುಕ್ಕೆಯೇ ಗುರು.

ಕೈ ನಡುಗಿದರೆ ಏನೂ ಕಾಣದು. ಆದ್ದರಿಂದ ಮಹಡಿಯ ಮೋಟುಗೋಡೆಯ ಮೇಲೆ ದಿಂಬನ್ನಿಟ್ಟು, ಅದರ ಮೇಲೆ ಬೈನಾಕ್ಯುಲರನ್ನು ಊರಿ, ಮೊದಲು ಯಾವುದಾದರೊಂದು ನಕ್ಷತ್ರವು ಸೂಜಿಮೊನೆಯಷ್ಟು ಚೂಪಾಗುವವರೆಗೆ ಫೋಕಸ್ ಹೊಂದಿಸಿಕೊಂಡು, ಆಮೇಲೆ ಗುರುವಿನತ್ತ ತಿರುಗಿಸಬೇಕು. ಗುರು ನೆತ್ತಿಗೇರಿದ್ದರೆ ಚಾಪೆಯ ಮೇಲೆ ಅಂಗಾತ ಮಲಗಿ ನೋಡುವುದೇ ಲೇಸು, ಕುತ್ತಿಗೆಯೂ ಉಳಿಯುತ್ತದೆ.

ಪುಟ್ಟ ಬಿಳಿ ಬಿಲ್ಲೆಯ ಅಕ್ಕಪಕ್ಕದಲ್ಲಿ, ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ, ಎರಡೋ ಮೂರೋ ನಾಲ್ಕೋ ಚುಕ್ಕೆಗಳು ಕಾಣುತ್ತವೆ. ಅವುಗಳ ಸ್ಥಾನವನ್ನು ಗಂಟೆಸಹಿತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮರುದಿನ ಅದೇ ಹೊತ್ತಿಗೆ ಮತ್ತೆ ಬರೆಯಬೇಕು. 1610ರ ಜನವರಿ 7ರಂದು ಮೊದಲು ಮೂರು ಚುಕ್ಕೆಗಳನ್ನು ಕಂಡ ಗೆಲಿಲಿಯೊ, ಇಂಥದೇ ಚಿತ್ರಗಳನ್ನು ರಾತ್ರಿಯಿಂದ ರಾತ್ರಿಗೆ ಬರೆಯುತ್ತಾ, ಅವು ನಕ್ಷತ್ರಗಳಲ್ಲ, ಗುರುವನ್ನು ಸುತ್ತುವ ಕಾಯಗಳು ಎಂದು ಕಂಡುಕೊಂಡನು. ಆ ನಿರ್ಣಯಕ್ಕೆ ನಮ್ಮದೇ ಗೀಚುಗಳಿಂದ ತಲುಪುವ ಸುಖವು ಯಾವ ಬಾಹ್ಯಾಕಾಶ ಚಿತ್ರದಲ್ಲೂ ಸಿಗದು.

ಈ ನಾಲ್ಕು ಚಂದ್ರರಲ್ಲಿ ಅಯೋ ಎಂಬುದು ಸುಮಾರು 42 ಗಂಟೆಗಳಲ್ಲಿ ಗುರುವಿನ ಒಂದು ಸುತ್ತು ಮುಗಿಸಿದರೆ, ಕ್ಯಾಲಿಸ್ಟೊ ಎಂಬುದಕ್ಕೆ ಸುಮಾರು 17 ದಿನ ಬೇಕು. ಅಯೋ ಗುರುವಿನ ಹೊಳಪಿನಲ್ಲಿ ಆಗಾಗ ಅಡಗುತ್ತದೆ. 1979ರಲ್ಲಿ ವಾಯೇಜರ್ 1 ಬಾಹ್ಯಾಕಾಶ ನೌಕೆ ಕಳುಹಿಸಿದ ಚಿತ್ರಗಳಲ್ಲಿ ಜ್ವಾಲಾಮುಖಿಗಳು ಉಗುಳುತ್ತಿದ್ದುದು ಕಂಡದ್ದು, ಹುಡುಕಲು ನಾವು ಕಣ್ಣು ಕಿರಿದುಮಾಡುವ ಇದೇ ಚುಕ್ಕೆಯಲ್ಲಿ.