ಒತ್ತಕ್ಷರ, ಗಾಳ, ಮತ್ತೆ ಒಂದು ಮೀಸೆ

ಗಾಂಧಿನಗರದಲ್ಲಿ ಪೋಸ್ಟರ್ ಮಾಡಿಸಲು ಬರುವ ನಿರ್ಮಾಪಕರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ: 'ಎಲ್ಲರ ಮುಖವೂ ಬರುತ್ತೆ ಅಲ್ವಾ?' ಕರಾವಳಿ ಮೀನುಗಾರರ ಕಥೆಯ ಸಣ್ಣ ಸಿನಿಮಾ ಒಂದಕ್ಕೆ ಕೆಲಸ ಮಾಡುವಾಗಲೂ ಇದೇ ಆಯಿತು. ಆರು ಮುಖ. ಅದರಲ್ಲಿ ಐದು ಹೊಸಬರದು.

ಸ್ಟಾರ್ ಇದ್ದರೆ ನನ್ನ ಕೆಲಸ ಸುಲಭ. ಮುಖ ದೊಡ್ಡದಾಗಿ ಇಟ್ಟರೆ ಅರ್ಧ ಪೋಸ್ಟರ್ ಮುಗಿದ ಹಾಗೆ. ಅಭಿಮಾನಿಗೆ ಆ ಕಣ್ಣು, ಗಡ್ಡದ ಹೊಸ ಗೆಟಪ್ ಸಾಕು. ಗೊತ್ತಿಲ್ಲದ ಮುಖ ಎಷ್ಟು ದೊಡ್ಡದು ಮಾಡಿದರೂ ಮದುವೆ ಆಲ್ಬಂ ಫೋಟೊ ತರ ಕಾಣುತ್ತದೆ. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಅವರು ಹೇಳಿದ ಹಾಗೇ ಆರು ಮುಖದ ಪೋಸ್ಟರ್ ಮಾಡಿದೆ. ಟಿಕೆಟ್ ಆ್ಯಪ್‌ನಲ್ಲಿ ಕಾಣುವ ಸೈಜಿಗೆ, ಅಂದರೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಕ್ಕೆ, ಇಳಿಸಿ ಮೊಬೈಲ್ ಕೈಗೆ ಕೊಟ್ಟೆ. 'ಇದರಲ್ಲಿ ಹೀರೋ ಯಾರು ಸಾರ್?' ಕನ್ನಡಕ ಮೇಲೆತ್ತಿ ಹುಡುಕಿದರು. ಹೀರೋ ಅವರ ತಂಗಿ ಮಗ!

ಆಮೇಲೆ ಟೈಟಲ್ ಕಡೆ ಬಂದೆ. ಹೆಸರಲ್ಲಿ ಒಂದು 'ಸ್ತ್ರ' ಇತ್ತು. ಇಂಗ್ಲಿಷ್‌ನ ದೊಡ್ಡಕ್ಷರಗಳು ಇಟ್ಟಿಗೆ ಜೋಡಿಸಿದ ಹಾಗೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ನಮ್ಮದು ಹಾಗಲ್ಲ. ಒತ್ತುಗಳು ಸಾಲಿನ ಕೆಳಗೆ ಜೋತು ಬೀಳುತ್ತವೆ. ಹೊಸದರಲ್ಲಿ ಇದೊಂದು ಕಾಟ ಅಂದುಕೊಂಡು ಒತ್ತನ್ನು ಚಿಕ್ಕದು ಮಾಡಿ ಮೇಲಕ್ಕೆ ತಳ್ಳುತ್ತಿದ್ದೆ. ಬಸ್ಸಿನಿಂದ ನೋಡಿದವರಿಗೆ ಹೆಸರೇ ಬೇರೆ ಕಾಣುತ್ತಿತ್ತು. ಈ ಸಲ ಒತ್ತನ್ನೇ ಎಳೆದೆ. ರಕಾರದ ಒತ್ತು ನೋಡಿ: ಕೆಳಗಿಳಿದು, ಬಾಗಿ, ಮತ್ತೆ ಮೇಲೇಳುತ್ತದೆ. ಥೇಟ್ ಗಾಳ. ಕಂಪ್ಯೂಟರ್ ಬಿಟ್ಟು ಬ್ರಷ್‌ನಲ್ಲಿ ಒಂದು ನಲವತ್ತು ಸಲ ಬರೆದೆ. ಒಂದನ್ನು ಸ್ಕ್ಯಾನ್ ಮಾಡಿ, ತುದಿಗೆ ಮುಳ್ಳು ಕೊಟ್ಟು, ಕೆಂಪು ತುಂಬಿ, ಅರ್ಧ ಪೋಸ್ಟರ್‌ವರೆಗೆ ಇಳಿಬಿಟ್ಟೆ. ಕೆಳಗೆ ಒಂದು ದೋಣಿ, ಬೆನ್ನು ತಿರುಗಿಸಿ ಕೂತ ಮನುಷ್ಯ. ಮಿಕ್ಕಿದ್ದೆಲ್ಲ ತಿಳಿ ಆಕಾಶ. ನಿರ್ಮಾಪಕರಿಗೆ ಗಾಳ ಹಿಡಿಸಿತು. ತಂಗಿ ಮಗನ ಹೆಸರು ಮಾತ್ರ ದಪ್ಪಕ್ಷರದಲ್ಲಿ ಇರಲಿ ಅಂದರು. ಇಟ್ಟೆ.

ಹೆಸರು ಅಂದಾಗ ನೆನಪಾಯಿತು. ತಂತ್ರಜ್ಞರ ಪಟ್ಟಿ ಈಗಲೂ ಎಷ್ಟೋ ಸಲ ಹಳೇ ನುಡಿ ಫಾಂಟಿನಲ್ಲೇ ಬರುತ್ತದೆ. ಅದನ್ನು ಎಲ್ಲ ಕಂಪ್ಯೂಟರ್‌ಗೂ ಹೊಂದುವ ಯೂನಿಕೋಡ್‌ಗೆ ತಿರುಗಿಸಿ ಹಳೇ ಫೋಟೊಶಾಪ್‌ಗೆ ಹಾಕಿದಾಗ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಇಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗುತ್ತವೆ, ಅರ್ಕಾವೊತ್ತು ಎಲ್ಲೋ ಹೋಗುತ್ತದೆ. ಹಾಗಾಗಿ ಪ್ರಿಂಟ್ ತೆಗೆದು ಸಹಿ ಹಾಕಿಸಿಕೊಳ್ಳದೆ ನಾನು ಫೈಲ್ ಕಳಿಸುವುದೇ ಇಲ್ಲ.

ಮೊಬೈಲ್‌ನಲ್ಲಿ ಹೊಳೆಯುವ ನೀಲಿ ಆಫ್‌ಸೆಟ್‌ನ ನಾಲ್ಕು ಇಂಕಿನಲ್ಲಿ ಮಂಕಾಗುತ್ತದೆ ಅಂತ ಗೊತ್ತಿತ್ತು. ಪ್ರೂಫ್, ಅಂದರೆ ಮಾದರಿ ಪ್ರಿಂಟ್, ನೋಡಿ ಸರಿ ಮಾಡಿದ್ದೆ. ನನಗೆ ಗೊತ್ತಿಲ್ಲದೇ ಇದ್ದದ್ದು ಗೋಡೆ. ಬೆಂಗಳೂರಲ್ಲಿ ಕಂಡಕಂಡಲ್ಲಿ ಅಂಟಿಸುವ ಹಾಗಿಲ್ಲ, ಅದಕ್ಕೆ 1981ರ ಕಾಯ್ದೆಯೇ ಇದೆ. ಥಿಯೇಟರ್ ಕಾಂಪೌಂಡ್‌ಗೆ 30×40 ಇಂಚಿನವು ಹಾಕಿಸಿದೆವು. ಅಲ್ಲಿ ವರ್ಷಗಳ ಪೋಸ್ಟರ್ ಒಂದರ ಮೇಲೊಂದು ಪದರ ಕಟ್ಟಿವೆ. ಪೋಸ್ಟರ್ ಕಾಗದ ತೆಳು, ಮೇಲಿಂದ ಮೈದಾ ಅಂಟಿನ ಒದ್ದೆ. ಬೆಳಗ್ಗೆ ಹೋಗಿ ನೋಡಿದರೆ ನನ್ನ ತಿಳಿ ಆಕಾಶದಲ್ಲಿ ಹಿಂದಿನ ಸಿನಿಮಾದ ಹೀರೋ ಮೀಸೆ ಎದ್ದು ಕಾಣುತ್ತಿದೆ, ಸರಿಯಾಗಿ ದೋಣಿಯ ನೆತ್ತಿ ಮೇಲೆ. ಎದುರಿನ ಟೀ ಅಂಗಡಿಯವನು ಗ್ಲಾಸ್ ಕೊಡುತ್ತಾ ಕೇಳಿದ, 'ಸಾರ್, ಮೋಡದಲ್ಲಿ ಮೀಸೆ ಐತಲ್ಲ, ದೇವ್ರ ಪಿಚ್ಚರಾ?'

ಒಣಗಿದ ಮೇಲೂ ಮೀಸೆ ಪೂರ್ತಿ ಹೋಗಲಿಲ್ಲ. ತಪ್ಪು ನನ್ನದೇ. ಸ್ಕ್ರೀನ್ ಮೇಲಿನ ಖಾಲಿ ಜಾಗ ಗೋಡೆ ಮೇಲೆ ಖಾಲಿ ಇರುವುದಿಲ್ಲ. ಎರಡನೇ ಪ್ರಿಂಟಿಗೆ ಆಕಾಶವನ್ನು ಗಾಢ ನೀಲಿ ಮಾಡಿ, ಪ್ರೂಫನ್ನು ನಮ್ಮ ಮನೆ ತಾರಸಿ ಗೋಡೆಯಲ್ಲಿ ಹಳೇ ಪೋಸ್ಟರ್ ಒಂದರ ಮೇಲೆ ಮೈದಾ ಹಾಕಿ ಅಂಟಿಸಿ ನೋಡಿದೆ. ಕೆಳಗಿನದು ಕಾಣಲಿಲ್ಲ. ಕೆಂಪು ಗಾಳ ಮೊದಲಿಗಿಂತ ಚೆನ್ನಾಗಿ ಎದ್ದು ಬಂತು.

ನಿರ್ದೇಶಕರು ಮಾತ್ರ ತಕರಾರು ತೆಗೆದರು. 'ರಾತ್ರಿ ಮಾಡಿಬಿಟ್ರಲ್ಲ, ಕಥೆ ನಡೆಯೋದು ಬೆಳಗಿನ ಜಾವ ಅಲ್ವಾ?'

'ಬೆಳಗಿನ ಜಾವವೇ ಸಾರ್,' ಅಂದೆ, 'ಇನ್ನೂ ಬೆಳಕು ಹರಿದಿಲ್ಲ, ಅಷ್ಟೆ.'