ಸ್ಟೆಬಿಲೈಜರಿನ ಷಡ್ಜ, ಗಂಗಾಳದ ಪಂಚಮ

ಮನೆಯ ಸದ್ದು ಹಿಡಿದು ಆಂಬಿಯೆಂಟ್ ಸಂಗೀತ (ತಾಳವಿಲ್ಲದೆ ನಿಧಾನಕ್ಕೆ ತೇಲುವ ಸಂಗೀತ) ಮಾಡಲು ಕೂತವರೆಲ್ಲ ಮೊದಲು ಬಯ್ಯುವುದು ಕರೆಂಟಿನ ಗುಂಯ್ ಸದ್ದನ್ನು. ಪಾತ್ರೆ ಬಾರಿಸಿದರೂ ಅದರ ಹಿಂದೆ ಗುಂಯ್, ನೀರು ಸುರಿದರೂ ಗುಂಯ್. ಅದನ್ನು ಅಳಿಸಲು ಹೋಗಿ ಪಾತ್ರೆಯ ದನಿಯನ್ನೂ ಅರ್ಧ ಅಳಿಸಿ ಕೂರುತ್ತಾರೆ. ನಾನು ಮಾಡುವುದು ಉಲ್ಟಾ. ಗುಂಯ್ ಸದ್ದನ್ನು ಬೇರೆಯಾಗಿ, ಚೊಕ್ಕವಾಗಿ ರೆಕಾರ್ಡ್ ಮಾಡಿಕೊಂಡು ಅದನ್ನೇ ತಂಬೂರಿ ಅಂತ ಇಟ್ಟುಕೊಳ್ಳುತ್ತೇನೆ; ಮಿಕ್ಕ ಸದ್ದುಗಳನ್ನೆಲ್ಲ ಅದಕ್ಕೆ ಶ್ರುತಿ ಮಾಡುತ್ತೇನೆ. ರಾಯಚೂರಿನ ಮನೆಯಲ್ಲಿ ಇದಕ್ಕೆ ಬೇಕಾದ ಸಾಮಾನಿಗೆ ಬರವಿಲ್ಲ. ಫ್ರಿಜ್ಜಿನ ಪಕ್ಕ ಸ್ಟೆಬಿಲೈಜರ್, ಕಿಟಕಿಗೆ ಕೂಲರ್, ಮೂಲೆಯಲ್ಲಿ ಇನ್ವರ್ಟರ್ ಇದ್ದೇ ಇರುತ್ತವೆ.

ಈ ಮೂರರಲ್ಲಿ ತಂಬೂರಿಗೆ ಲಾಯಕ್ಕಾದದ್ದು ಸ್ಟೆಬಿಲೈಜರ್ ಒಂದೇ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು. ಒಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಗಡುಗಳು ಪ್ರತಿ ಸುತ್ತಿಗೆ ಎರಡು ಸಲ ಅದುರುತ್ತವೆ, ಹಾಗಾಗಿ ಕಿವಿಗೆ ಬೀಳುವುದು 100 ಹರ್ಟ್ಜ್, ಅದರ ಮೇಲೆ 200, 300, 400, 500. ಇದನ್ನು ಸ್ವರಕ್ಕೆ ತಿರುಗಿಸಿ: 100 ಖರ್ಜದ (ಕೆಳಗಿನ) ಸಾ, 200 ಮೇಲಿನ ಸಾ, 300 ಪಂಚಮ, 400 ಮತ್ತೆ ಸಾ, 500 ಶುದ್ಧ ಗಾಂಧಾರ. ತಂಬೂರಿಯ ಖರ್ಜದ ತಂತಿಯಲ್ಲಿ ಯಾರೂ ಮೀಟದೆ ತಾನಾಗಿ ಕೇಳುತ್ತದಲ್ಲ ಒಂದು ಗಾಂಧಾರ, ಅದೇ ಇದು. ಸಿದ್ಧರಾಮ ಜಂಬಲದಿನ್ನಿಯವರ ಹಿಂದುಸ್ತಾನಿ ಗಾಯನ ಕೇಳಿ ಬೆಳೆದ ಊರಿನಲ್ಲಿ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಫ್ರಿಜ್ಜಿನ ಸದ್ದು ಹಾಗಲ್ಲ. ಹಳೇ ಕಂಪ್ರೆಸರಿನ ಮೋಟಾರು ಕರೆಂಟಿಗಿಂತ ಸ್ವಲ್ಪ ಹಿಂದೆ ಬಿದ್ದು ಸೆಕೆಂಡಿಗೆ 48ರ ಆಸುಪಾಸು ಸುತ್ತುತ್ತದೆ, ಅದರ ದನಿ 50ರ ಜೊತೆ ಕೂಡದು. ಇನ್ವರ್ಟರ್ ಫ್ರಿಜ್ಜಿನ ಮೋಟಾರಂತೂ ತನಗೆ ಬೇಕಾದ ವೇಗಕ್ಕೆ ಓಡುತ್ತದೆ. ಸೀಲಿಂಗ್ ಫ್ಯಾನಿನಲ್ಲಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಜುಂಯ್ ಅನ್ನುವ ಗೊಗ್ಗರು ಸೇರುತ್ತದೆ. ಫ್ಯಾನ್ ಪೂರ್ತಿ ಐದಕ್ಕೆ ಇಟ್ಟರೆ ಬಹುಪಾಲು ಹೋಗುತ್ತದೆ.

ಕೀಬೋರ್ಡ್ ಅಥವಾ ಸಿಂಥ್ ಸೇರಿಸುವವರಿಗೆ ಒಂದು ಎಚ್ಚರಿಕೆ. 100 ಹರ್ಟ್ಜ್ ಪಾಶ್ಚಾತ್ಯರ ಜಿ ಸ್ವರಕ್ಕಿಂತ 35 ಸೆಂಟ್ (ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರ 100 ಸೆಂಟ್) ಮೇಲಿದೆ, ಜಿ ಮತ್ತು ಜಿ-ಶಾರ್ಪ್ ನಡುವೆ ಎಲ್ಲೂ ಸಲ್ಲದ ಜಾಗದಲ್ಲಿ. ಹಾಗಾಗಿ ಸಿಂಥಿನ ಟ್ಯೂನಿಂಗನ್ನು, ಅಂದರೆ ಅದರ ಎ ಸ್ವರವನ್ನು, 440 ಹರ್ಟ್ಜ್ ಬದಲು 449ಕ್ಕೆ ಇಡಬೇಕು. ಇದನ್ನು ಬಿಟ್ಟರೆ ಇಡೀ ತುಣುಕು ಹುಳಿ ಹಿಡಿದ ಹಾಗೆ ಕೇಳುತ್ತದೆ, ಕಾರಣ ಮಾತ್ರ ಬೇಗ ಹೊಳೆಯುವುದಿಲ್ಲ.

50 ಅಂದರೆ ಸದಾ 50 ಅಲ್ಲ. ಗ್ರಿಡ್ಡಿನ ನಿಯಮದಲ್ಲಿ ಅದಕ್ಕೆ 49.90ರಿಂದ 50.05ರವರೆಗೆ ಓಡಾಡಲು ಜಾಗವಿದೆ. ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಒಂದೇ ತಾಳಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು, ನಮ್ಮದೇ ರಾಯಚೂರು–ಸೋಲಾಪುರದ 765 ಕಿಲೋವೋಲ್ಟ್ ಲೈನಿನ ಮೂಲಕ. ಅಲ್ಲಿಂದ ಈಚೆಗೆ ರಾಯಚೂರಿನ ಸ್ಟೆಬಿಲೈಜರೂ ದಿಲ್ಲಿಯ ಸ್ಟೆಬಿಲೈಜರೂ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತವೆ. ಸಂಗೀತಕ್ಕೆ ಇದರಿಂದ ಆಗುವ ಲಾಭ ಹೀಗೆ: ಒಂದೇ ಸ್ಟೆಬಿಲೈಜರನ್ನು ನಸುಕಿನಲ್ಲಿ ಹತ್ತು ನಿಮಿಷ, ಸಂಜೆ ಏಳರ ಹೊತ್ತಿಗೆ ಹತ್ತು ನಿಮಿಷ ರೆಕಾರ್ಡ್ ಮಾಡಿ ಒಂದರ ಮೇಲೊಂದು ಇಡಿ. ಒಂದು ಹೊತ್ತಿನಲ್ಲಿ ಗ್ರಿಡ್ 50.00, ಇನ್ನೊಂದರಲ್ಲಿ 49.95 ಇತ್ತು ಅನ್ನೋಣ. ಖರ್ಜ ಹತ್ತು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ, ಗಾಂಧಾರ ಎರಡು ಸೆಕೆಂಡಿಗೊಮ್ಮೆ. ಯಾವ ಎಫೆಕ್ಟೂ ಹಾಕದೆ ಪದರಗಳು ಬೇರೆಬೇರೆ ವೇಗದಲ್ಲಿ ತೂಗಾಡುತ್ತವೆ. ಪ್ಲಗಿನ್ನಿನ (ಸಂಗೀತದ ತಂತ್ರಾಂಶಕ್ಕೆ ಸೇರಿಸುವ ಉಪಕರಣ) ಕೋರಸ್ ಇದರ ಮುಂದೆ ಪೇಲವ.

ಸ್ಟೆಬಿಲೈಜರಿಗೆ ಗಾಳಿಯ ಮೈಕಿಗಿಂತ, ವಸ್ತುವಿಗೇ ಅಂಟಿಸಿ ಅದರ ಅದುರು ಹಿಡಿಯುವ ಕಾಂಟ್ಯಾಕ್ಟ್ ಮೈಕ್ ಒಳ್ಳೆಯದು, ಮನೆಯ ಮಾತುಕತೆ ಅದರಲ್ಲಿ ಅಷ್ಟಾಗಿ ಸೇರದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 27 ಮಿಲಿಮೀಟರಿನ ಪೀಜೋ ಡಿಸ್ಕ್ ಕೇಳಿ. ಬಜರಿಗೆ ಹಾಕುತ್ತಾರಲ್ಲ, ಹಿತ್ತಾಳೆ ಬಿಲ್ಲೆಯ ಮೇಲೆ ಬೆಳ್ಳಗಿನ ವೃತ್ತ, ಅದೇ. ಜೊತೆಗೆ ಒಂದೂವರೆ ಮೀಟರ್ ಶೀಲ್ಡ್ ವೈರ್, ಒಂದು 6.35 ಮಿಲಿಮೀಟರಿನ ಮೋನೋ ಜ್ಯಾಕ್. ವೈರಿನ ಜಾಲರಿ ಹಿತ್ತಾಳೆಯ ಅಂಚಿಗೆ, ಒಳಗಿನ ತಂತಿ ಬಿಳಿ ಭಾಗಕ್ಕೆ. ಬಿಳಿ ಭಾಗದ ಮೇಲೆ ಬೆಸುಗೆಯ ಕಡ್ಡಿ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ನಿಂತರೆ ಮೇಲಿನ ಬೆಳ್ಳಿಯ ಲೇಪ ಎದ್ದುಬರುತ್ತದೆ, ಡಿಸ್ಕ್ ಸತ್ತಂತೆ. ಬೆಲೆ ಕಡಿಮೆ, ಐದು ತಂದರೆ ಕೈ ಕೂರುವುದರೊಳಗೆ ಎರಡು ಹಾಳಾಗುತ್ತವೆ. ಆಮೇಲೆ ಎರಡೂ ಕಡೆ ಇನ್ಸುಲೇಷನ್ ಟೇಪ್ ಸುತ್ತಿ. ಸ್ಟೆಬಿಲೈಜರನ್ನು ಬಿಚ್ಚುವ ಮಾತೇ ಇಲ್ಲ. ಹೊರಮೈಗೆ ಒತ್ತಿ ಟೇಪ್ ಹಾಕಿದರೆ ಸಾಕು. ಮನೆಯ ಅರ್ಥಿಂಗ್ ಸರಿಯಿದೆ ಅಂತ ಮೊದಲೇ ಎಲೆಕ್ಟ್ರಿಷಿಯನ್ನಿಂದ ನೋಡಿಸಿಕೊಂಡಿರಬೇಕು.

ಪೀಜೋ ತಗಡುತಗಡಾಗಿ ಕೇಳುತ್ತದೆ ಅನ್ನುವ ದೂರು ನೂರಕ್ಕೆ ತೊಂಬತ್ತು ಸಲ ಮೈಕಿನದಲ್ಲ, ಅದನ್ನು ಚುಚ್ಚಿದ ಜಾಗದ್ದು. ಡಿಸ್ಕ್ ಅಂದರೆ ಸುಮಾರು 20 ನ್ಯಾನೋಫ್ಯಾರಡ್‌ನ ಕೆಪಾಸಿಟರ್. ಅದನ್ನು 10 ಕಿಲೋ ಓಮಿನ ಲೈನ್ ಇನ್‌ಪುಟ್ಟಿಗೆ ಕೊಟ್ಟರೆ 800 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. 1 ಮೆಗಾ ಓಮಿನ ಇನ್‌ಪುಟ್ಟಿಗೆ ಕೊಟ್ಟರೆ 8 ಹರ್ಟ್ಜ್‌ವರೆಗೂ ಸಿಗುತ್ತದೆ. ಆಡಿಯೋ ಇಂಟರ್‌ಫೇಸಿನಲ್ಲಿ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಗಿಟಾರಿಗೆಂದು ಇನ್‌ಸ್ಟ್ರುಮೆಂಟ್ ಗುಂಡಿ ಇರುತ್ತದೆ, ಅದನ್ನು ಒತ್ತಿ. ಫೋನಿನ ಮೈಕ್ ತೂತಿಗೆ ಪೀಜೋ ನೇರ ಚುಚ್ಚುವುದು ದಂಡ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆಯೇ ಓಡಲಿ, ಚಾರ್ಜರ್ ಹಾಕಿದರೆ ನಿಮಗೆ ಬೇಡದ ಇನ್ನೊಂದು ಗುಂಯ್ ಸೇರುತ್ತದೆ.

ಮಿಕ್ಕ ಸದ್ದುಗಳಿಗೆ ಕರೆಂಟು ಹೋದ ಹೊತ್ತೇ ಮುಹೂರ್ತ. ಓಣಿಯ ಕೂಲರ್, ಬೋರಿನ ಮೋಟಾರ್, ಎದುರು ಮನೆಯ ಟಿವಿ ಎಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಆಗ ನಮ್ಮ ಇನ್ವರ್ಟರನ್ನೂ ಆಫ್ ಮಾಡಬೇಕು. ಅಗ್ಗದ ಇನ್ವರ್ಟರುಗಳು ಕೊಡುವುದು ನುಣುಪಾದ ಅಲೆಯಲ್ಲ, ಮೆಟ್ಟಿಲಿನಂಥ ಚೌಕ ಅಲೆ; ಅದರ ಮೇಲೆ ಓಡುವ ಫ್ಯಾನು ಕಟಕಟ ಹಲ್ಲು ಕಡಿಯುತ್ತದೆ, ಗ್ರಿಡ್ಡಿನ ಶ್ರುತಿಗೂ ಸೇರದು.

ರೆಕಾರ್ಡರ್ ಇದ್ದರೆ 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್. ಮೋನೋ ಆದರೆ ನಿಮಿಷಕ್ಕೆ ಎಂಟೂವರೆ ಎಂಬಿಗಿಂತ ತುಸು ಹೆಚ್ಚು. ಅತಿ ಜೋರಿನ ಜಾಗ ಮೈನಸ್ 12 ಡೆಸಿಬಲ್ ದಾಟಬಾರದು. ಫೋನಿನಲ್ಲೂ ಆಗುತ್ತದೆ, ಆದರೆ ಜೊತೆಗೆ ಬಂದ ರೆಕಾರ್ಡರ್ ಆ್ಯಪ್ ಬೇಡ. ಅದು ಮಾತಿಗೆಂದು ಮಾಡಿದ್ದು: ಪಾತ್ರೆಯ ದನಿ ಕರಗುತ್ತಾ ಹೋದಂತೆ ಇದು ಗದ್ದಲ ಅಂತ ತಿಳಿದು ಕತ್ತರಿಸಿಬಿಡುತ್ತದೆ, ಅಥವಾ ವಾಲ್ಯೂಮನ್ನು ತಾನಾಗಿ ಏರಿಸುತ್ತದೆ. ನಮಗೆ ಬೇಕಾದದ್ದೇ ಆ ಬಾಲ. ಗದ್ದಲ ತೆಗೆಯುವ, ವಾಲ್ಯೂಮ್ ತಾನೇ ಹೊಂದಿಸುವ ಸೌಲಭ್ಯಗಳನ್ನು ಆಫ್ ಮಾಡಲು ಬಿಡುವ ಆ್ಯಪ್ ಹುಡುಕಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಗಂಗಾಳ (ಊಟದ ತಟ್ಟೆ) ಕಂಚಿನದಾದರೆ ಉತ್ತಮ, ಸ್ಟೀಲಿನದು ಬೇಗ ಸುಮ್ಮನಾಗುತ್ತದೆ. ಮಡಚಿದ ಟವೆಲ್ಲಿನ ಮೇಲೆ ನಡುಮಧ್ಯ ಮಾತ್ರ ತಾಗುವಂತೆ ಇಟ್ಟು ಅಂಚಿಗೆ ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಹೊಡೆಯಿರಿ. ಚಮಚದಿಂದ ಹೊಡೆದರೆ ಮೇಲಿನ ಚಿಲಿಪಿಲಿಯೇ ಜಾಸ್ತಿ. ಮೈಕ್ ಒಂದು ಗೇಣು ದೂರ. ದನಿ ಪೂರ್ತಿ ಸಾಯುವವರೆಗೆ ಉಸಿರೂ ಜೋರಾಗಿ ಬಿಡಬೇಡಿ. ಕೊನೆಯ ಎರಡು ಸೆಕೆಂಡಿನ ಉಸಿರು, ಮುಂದೆ ಕಂಪ್ಯೂಟರಿನಲ್ಲಿ ದನಿಯನ್ನು ಇಪ್ಪತ್ತು ಪಟ್ಟು ಉದ್ದಕ್ಕೆ ಎಳೆದಾಗ, ಬಿರುಗಾಳಿಯಾಗುತ್ತದೆ.

ಕೊಡಕ್ಕೆ ನೀರು ತುಂಬುವಾಗ ಎರಡು ವಿರುದ್ಧ ಚಲನೆಗಳಿವೆ. ಒಳಗಿನ ಗಾಳಿಯ ಕಂಬ ಗಿಡ್ಡವಾಗುತ್ತಾ ಹೋಗುವುದರಿಂದ ಗುಳುಗುಳು ಸದ್ದು ಮೇಲೇರುತ್ತದೆ. ಅದೇ ಹೊತ್ತಿಗೆ ಕೊಡದ ಹೊರಮೈ ತಟ್ಟುತ್ತಿದ್ದರೆ ನೀರಿನ ಭಾರಕ್ಕೆ ಲೋಹದ ದನಿ ಕೆಳಗಿಳಿಯುತ್ತದೆ, ಜಲತರಂಗದ ಬಟ್ಟಲಿನ ಹಾಗೆ. ಮೊದಲನೆಯದಕ್ಕೆ ಗಾಳಿಯ ಮೈಕ್, ಎರಡನೆಯದಕ್ಕೆ ಪೀಜೋ ಇಟ್ಟು ಒಂದೇ ಸಲಕ್ಕೆ ಎರಡನ್ನೂ ಹಿಡಿದರೆ ಏರುವುದೂ ಇಳಿಯುವುದೂ ಹೆಣೆದುಕೊಂಡ ಒಂದು ತುಣುಕು ಸಿಗುತ್ತದೆ. ಇದನ್ನು ನಾನು ಎಳೆಯುವುದಿಲ್ಲ, ವೇಗವನ್ನು ಅರ್ಧಕ್ಕೆ ಇಳಿಸಿ ಹಾಗೇ ಬಳಸುತ್ತೇನೆ.

ಜೋಳದ ರೊಟ್ಟಿಗೆ ಪೀಜೋ ಮಣೆಯ ಕೆಳಗೆ. ಮುದ್ದೆಯ ಮೇಲಿನ ಮೊದಲ ಬಡಿತಗಳು ದಪ್ಪ, ರೊಟ್ಟಿ ತೆಳುವಾದಂತೆ ಅಂಗೈಯ ಚಪ್ಪಳಿಕೆ ಬಿಡಿಬಿಡಿಯಾಗುತ್ತದೆ. ಬಡಿತವನ್ನು ತಾಳ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಮಾಡಿದರೆ ಅದು ಆಂಬಿಯೆಂಟ್ ಆಗಿ ಉಳಿಯುವುದಿಲ್ಲ. ನಿಜವಾದ ಸರಕು ಇರುವುದು ಬಡಿತಗಳ ನಡುವೆ, ರೊಟ್ಟಿ ತಿರುಗುವಾಗ ಕೆಳಗಿನ ಒಣ ಹಿಟ್ಟು ಮಣೆಗೆ ಸವರುವ ಸರ್ ಅನ್ನುವ ಸದ್ದು. ಅದನ್ನು ಆರಿಸಿ, ಸದ್ದನ್ನು ಸಣ್ಣ ಕಾಳುಗಳಾಗಿ ಒಡೆದು ಚೆಲ್ಲುವ ಗ್ರ್ಯಾನ್ಯುಲರ್ ಪ್ಲಗಿನ್ನಿಗೆ ಹಾಕಿ: ಕಾಳಿನ ಉದ್ದ 60ರಿಂದ 120 ಮಿಲಿಸೆಕೆಂಡ್, ಸೆಕೆಂಡಿಗೆ ಹದಿನೈದಿಪ್ಪತ್ತು ಕಾಳು, ಆಯ್ದುಕೊಳ್ಳುವ ಜಾಗ 200 ಮಿಲಿಸೆಕೆಂಡಿನಷ್ಟು ಅತ್ತಿತ್ತ. ಜೋಳ ಚೀಲದಿಂದ ಸುರಿದ ಹಾಗೆ ಕೇಳುತ್ತದೆ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆ ಸವರಿದಾಗಿನ ಚೊಂಯ್ ಸದ್ದನ್ನು ಮಾತ್ರ ಎಳೆಯಲು ಹೋಗಬೇಡಿ. ಸ್ವರವಿಲ್ಲದ ಗದ್ದಲವನ್ನು ಎಷ್ಟು ಎಳೆದರೂ ಗದ್ದಲವೇ. ಆಮೇಲೆ ಅದು ರೊಟ್ಟಿಯೋ ಮಳೆಯೋ ಕೂಲರೋ ಹೇಳಲಾಗದು.

ಇನ್ನು ಶ್ರುತಿಯ ಕೆಲಸ. ಆಡಾಸಿಟಿ ಅನ್ನುವ ಸದ್ದು ತಿದ್ದುವ ತಂತ್ರಾಂಶದಲ್ಲಿ ಗಂಗಾಳದ ತುಣುಕು ತೆರೆದು ಸ್ಪೆಕ್ಟ್ರಮ್ ಚಿತ್ರ (ಯಾವ ಹರ್ಟ್ಜ್ ಎಷ್ಟು ಜೋರು ಅಂತ ತೋರಿಸುವುದು) ನೋಡಿ, ಗಾತ್ರ 16384 ಇಟ್ಟರೆ ಸುಮಾರು 3 ಹರ್ಟ್ಜ್ ಅಂತರದಲ್ಲಿ ಕಾಣುತ್ತದೆ. ಅತಿ ಎತ್ತರದ ಶಿಖರ 618ರಲ್ಲಿ ಇದೆ ಅನ್ನಿ. ಹತ್ತಿರದ ಪಂಚಮ 600. 600 ಭಾಗಿಸು 618 ಅಂದರೆ 0.9709, ಅಂದರೆ ಮೈನಸ್ 2.91 ಶೇಕಡ. ಪಿಚ್ ಬದಲಿಸುವ ಎಫೆಕ್ಟ್ ಬಿಟ್ಟು ವೇಗ ಬದಲಿಸುವ ಎಫೆಕ್ಟಿಗೆ ಈ ಅಂಕಿ ಕೊಡಿ. ಕ್ಯಾಸೆಟ್ ನಿಧಾನ ಓಡಿದ ಹಾಗೆ ದನಿ ಇಳಿಯುತ್ತದೆ, ಕಲಬೆರಕೆ ಆಗದು. ಉದ್ದ ತುಸು ಬದಲಾದರೂ ಮುಂದೆ ಹೇಗೂ ಎಳೆಯುವವರಿದ್ದೇವೆ. ಉಳಿದ ಪಾತ್ರೆಗಳಿಗೆ 400, 450, 500, 600, 667 ಇಟ್ಟುಕೊಳ್ಳಿ, ಭೂಪ್ ರಾಗದ ಐದು ಸ್ವರ. ಮಧ್ಯಮ, ನಿಷಾದ ಬಿಟ್ಟಷ್ಟೂ ಜಗಳ ಕಡಿಮೆ. ಪಾತ್ರೆಯ ಮೇಲಿನ ಶಿಖರಗಳು ತಂತಿಯ ಹಾಗೆ ಲೆಕ್ಕಕ್ಕೆ ಬರುವುದಿಲ್ಲ, ಒಂದನ್ನು ಸರಿ ಮಾಡಿದರೆ ಇನ್ನೊಂದು ತಪ್ಪುತ್ತದೆ. ಅವನ್ನು 1200 ಹರ್ಟ್ಜ್‌ನ ಲೋ-ಪಾಸಿನಿಂದ (ಅದಕ್ಕಿಂತ ಮೇಲಿನದನ್ನು ತಗ್ಗಿಸುವ ಸೋಸು) ಮಂಕು ಮಾಡಿದರೆ ಸಾಕು, ಪೂರ್ತಿ ತೆಗೆದರೆ ಕಂಚಿನ ಗುರುತೇ ಹೋಗುತ್ತದೆ.

ದನಿಯನ್ನು ಉದ್ದಕ್ಕೆ ಎಳೆಯುವುದಕ್ಕೆ ಆಡಾಸಿಟಿಯಲ್ಲೇ ಇರುವ ಎಫೆಕ್ಟ್ ಪಾಲ್‌ಸ್ಟ್ರೆಚ್. ಅದಕ್ಕೆ ಮೊದಲು ಹೊಡೆತದ ಮೊದಲ 100 ಮಿಲಿಸೆಕೆಂಡ್ ಕತ್ತರಿಸಿ. ಟಕ್ ಅನ್ನುವ ಕ್ಷಣದಲ್ಲಿ ಎಲ್ಲ ಆವರ್ತನಗಳೂ ಕಿಕ್ಕಿರಿದಿರುತ್ತವೆ, ಬಿಟ್ಟರೆ ಶುರುವಿನಲ್ಲೇ ಹಲವು ಸೆಕೆಂಡು ಭುಸ್ ಅನ್ನುತ್ತದೆ. ಮೂರು ಸೆಕೆಂಡಿನ ದನಿಗೆ 20 ಪಟ್ಟು, ರೆಸಲ್ಯೂಷನ್ 0.25 ಸೆಕೆಂಡ್, ಒಂದು ನಿಮಿಷದ ಪದರ ಸಿಗುತ್ತದೆ. ಎಳೆಯುವ ಮೊದಲು ನಾಯ್ಸ್ ರಿಡಕ್ಷನ್ ಹಾಕುವುದು ಅತಿ ಸಾಮಾನ್ಯ ತಪ್ಪು. ಅದು ಬಿಟ್ಟುಹೋಗುವ ಸಣ್ಣ ಲೋಹದ ಚಿಟಚಿಟ ಇದ್ದ ಗತಿಯಲ್ಲಿ ಗೊತ್ತಾಗದು, 20 ಪಟ್ಟಿನಲ್ಲಿ ಮಿಡತೆಯ ಹಿಂಡು. 80 ಹರ್ಟ್ಜ್‌ನ ಹೈ-ಪಾಸ್ (ಅದಕ್ಕಿಂತ ಕೆಳಗಿನದನ್ನು ತಗ್ಗಿಸುವ ಸೋಸು) ಸಾಕು, ಎಳೆದ ಮೇಲೆ ಬೇಕಿದ್ದರೆ ನೋಡೋಣ.

ಪದರ ಕೂಡಿಸಲು ನಾನು ರೀಪರ್ ಅನ್ನುವ ತಂತ್ರಾಂಶ ಬಳಸುತ್ತೇನೆ, ಯಾವುದಾದರೂ ನಡೆದೀತು. ತಳದಲ್ಲಿ ಸ್ಟೆಬಿಲೈಜರಿನ ಎರಡು ಟ್ರ್ಯಾಕ್, ಮೇಲೆ ಮೂರು ಲೂಪ್: ಗಂಗಾಳದ ಪಂಚಮ 37 ಸೆಕೆಂಡ್, ಚರಿಗೆಯ ಗಾಂಧಾರ 53, ರೊಟ್ಟಿಯ ಸರಸರ 71. ಮೂರೂ ಅವಿಭಾಜ್ಯ ಸಂಖ್ಯೆ, ಮತ್ತೆ ಒಟ್ಟಿಗೆ ಶುರುವಾಗಲು 38 ಗಂಟೆಗೂ ಹೆಚ್ಚು ಬೇಕು. 30, 40, 60 ಇಟ್ಟರೆ ಎರಡೇ ನಿಮಿಷಕ್ಕೆ ಸುತ್ತು ಮುಗಿದು ಕೇಳುವವರಿಗೆ ಸುಳಿವು ಸಿಗುತ್ತದೆ. ಪ್ರತಿ ಲೂಪಿನ ತುದಿಯನ್ನು ಶುರುವಿನ ಮೇಲೆ ಮೂರು ಸೆಕೆಂಡು ಹಾಯಿಸಿ ಕ್ರಾಸ್‌ಫೇಡ್ ಮಾಡಿ.

ರಿವರ್ಬಿಗೆ, ಅಂದರೆ ಜಾಗದ ಅನುರಣನಕ್ಕೆ, ಮನೆಯ ಸಂಪು. ತೊಳೆಯಲು ಖಾಲಿ ಮಾಡಿದ ದಿನ ರೆಕಾರ್ಡರನ್ನು ಹಗ್ಗಕ್ಕೆ ಕಟ್ಟಿ ಒಳಗಿಳಿಸಿ, ಬಾಯಿಯ ಹತ್ತಿರ ಬಲೂನು ಹಿಡಿದು ಮೇಲಿನಿಂದಲೇ ಸೂಜಿ ಚುಚ್ಚಿ. ಇದಕ್ಕಾಗಿ ಒಳಗಿಳಿಯಬಾರದು, ಮುಚ್ಚಿದ ಸಂಪಿನಲ್ಲಿ ಉಸಿರಾಟದ ಗಾಳಿ ಕಡಿಮೆಯಾಗಿರುತ್ತದೆ. ಗೇನ್ ಅತಿ ಕೆಳಗೆ ಇಡಿ, ಬಲೂನಿನ ಸದ್ದು ಮೈಕನ್ನು ಸುಲಭವಾಗಿ ಒಡೆಯಿಸುತ್ತದೆ. ನಾಲ್ಕೈದು ಬಲೂನು ಒಡೆದು ಒಡಕಿಲ್ಲದ ಒಂದನ್ನು ಆರಿಸಿ. ಶುರುವಿನ ಮೌನ ಕತ್ತರಿಸಿ ಆ ಫೈಲನ್ನು ರೀಪರಿನ ರೀವರ್ಬ್ (ReaVerb) ಪ್ಲಗಿನ್ನಿಗೆ ಹಾಕಿದರೆ ಗಂಗಾಳ ಸಂಪಿನೊಳಗೆ ತೇಲುತ್ತದೆ. ಎರಡು ಮೀಟರ್ ಅಗಲದ ಸಂಪು 86 ಹರ್ಟ್ಜ್ ಹತ್ತಿರ ಗವ್ ಅನ್ನುತ್ತದೆ, ನಮ್ಮ ಖರ್ಜದ ಪಕ್ಕದಲ್ಲೇ. ಹಾಗಾಗಿ ರಿವರ್ಬಿಗೆ ಹೋಗುವ ದಾರಿಯಲ್ಲಿ 150ರ ಹೈ-ಪಾಸ್ ಕಡ್ಡಾಯ, ಸ್ಟೆಬಿಲೈಜರಿನ ಟ್ರ್ಯಾಕನ್ನು ಸಂಪಿಗೆ ಕಳಿಸಲೇಬೇಡಿ.

ಕೊನೆಗೆ ಒಟ್ಟು ಮಟ್ಟ ಮೈನಸ್ 18 ಲಫ್ಸ್ (LUFS, ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತ, ಶಿಖರ ಮೈನಸ್ 1 ಡೆಸಿಬಲ್. ಹೆಡ್‌ಫೋನಿನಲ್ಲಿ ಚೆನ್ನಾಗಿದ್ದದ್ದು ಫೋನಿನ ಸ್ಪೀಕರಿನಲ್ಲಿ ಬೋಳು ಅನ್ನಿಸುತ್ತದೆ, ಯಾಕೆಂದರೆ ಅಷ್ಟು ಸಣ್ಣ ಸ್ಪೀಕರಿಗೆ 100 ಹರ್ಟ್ಜ್ ಹೊರಡಿಸುವ ತ್ರಾಣವಿಲ್ಲ. ಬೇಸ್ ಏರಿಸಿ ಉಪಯೋಗವಿಲ್ಲ. ಸ್ಟೆಬಿಲೈಜರ್ ಟ್ರ್ಯಾಕಿಗೆ ಸ್ವಲ್ಪವೇ ಸ್ಯಾಚುರೇಷನ್ (ದನಿಯನ್ನು ತುಸು ಒಡೆಯಿಸುವ ಎಫೆಕ್ಟ್) ಕೊಟ್ಟರೆ 300, 400, 500 ಮೇಲೆದ್ದು ಬರುತ್ತವೆ, ಕಿವಿ ಕೆಳಗಿನ ಸಾ ಅನ್ನು ತಾನೇ ತುಂಬಿಕೊಳ್ಳುತ್ತದೆ. ಕಚ್ಚಾ ಫೈಲಿನ ಹೆಸರಿನಲ್ಲಿ ಪಾತ್ರೆ, ಅಳೆದ ಹರ್ಟ್ಜ್, ರೆಕಾರ್ಡ್ ಮಾಡಿದ ಹೊತ್ತು ಮೂರನ್ನೂ ಬರೆದಿಡಿ: ಗಂಗಾಳ-618-ಕರೆಂಟಿಲ್ಲ, ಸ್ಟೆಬಿಲೈಜರ್-100-ನಸುಕು.